ಮಾನ್ಯರ ಮನೆಯ ತೆರಿಗೆ



ವೇದಿಕೆ ಹತ್ತಿದವರೆಲ್ಲ ಹತ್ತು ಸಲ ಆಡುವ ಈ ‘ಮಾನ್ಯ’ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ. ಹಳೆಯ ಕಂದಾಯದ ದಫ್ತರಗಳಲ್ಲಿ ಮಾನ್ಯವೆಂದರೆ ತೆರಿಗೆ ಇಲ್ಲದ ಭೂಮಿ. ಶಾಸನಗಳಲ್ಲಿ ಅದು ಸರ್ವಮಾನ್ಯ, ಸರ್ವನಮಸ್ಯ. ಬೆಳಗಾವಿ ಭಾಗದ ಬಾಯಲ್ಲಿ ಇನಾಮು, ಉಂಬಳಿ. ಆ ಅರ್ಥದ ಮಾನ್ಯರು ಈ ಸಭಾಂಗಣದಲ್ಲಿ ಬಹಳ ಮಂದಿ ಇರಲಾರರು. ಸಂಬಳಕ್ಕೆ ಮೊದಲೇ ಟಿಡಿಎಸ್ ಮುರಿಸಿಕೊಂಡ ಮಾಸ್ತರರು, ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಕೊಡುವ ಗುಮಾಸ್ತರು, ಉದ್ಯಮಬಾಗದ ಫೌಂಡ್ರಿಗಳಿಂದ ಬಂದವರು ಇದ್ದಾರೆ. ‘ದತ್ತಿ’ಯೂ ಅದೇ ಮನೆತನದ ಪದ. ಬಸದಿಗೆ, ಗುಡಿಗೆ, ಮಠಕ್ಕೆ ಬಿಟ್ಟುಕೊಟ್ಟ ಭೂಮಿ ದತ್ತಿ. ಇಂದಿನ ದತ್ತಿನಿಧಿಗಳಿಗೆ ಕೊಡುವವರಿಗೂ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದುಂಟು. ಹೀಗಾಗಿ ತೆರಿಗೆ ವಿನಾಯಿತಿಯ ಬಗ್ಗೆ ದತ್ತಿ ಉಪನ್ಯಾಸವೆಂದರೆ, ಉಣ್ಣುವ ಎಲೆಯನ್ನೇ ತಿರುವಿ ನೋಡಿದಂತೆ.

ವಿಷಯವನ್ನು ಮೊದಲೇ ಹೇಳಿಬಿಡಬಹುದು. ಊರಿಗೆಲ್ಲ ತೆರಿಗೆ ಹಾಕುವ ಅಧಿಕಾರ ಇರುವವರ ಮನೆಯಲ್ಲಿ, ಗಂಡನದೋ ಹೆಂಡತಿಯದೋ ಮಕ್ಕಳದೋ, ಹೊರದೇಶದಿಂದ ಬರುವ ದುಡ್ಡಿಗೆ ಯಾವ ನ್ಯಾಯ? ಇದಕ್ಕೆ ಕನ್ನಡಿಗರಿಗೆ ತೀರ ಹತ್ತಿರದ ಒಂದು ಪ್ರಕರಣವಿದೆ. ಅದು ನಡೆದದ್ದು ಲಂಡನ್ನಿನಲ್ಲಿ. ಅದರ ಬೇರು ಹುಬ್ಬಳ್ಳಿಯಲ್ಲಿ. ಅಲ್ಲಿಗೆ ಹೋಗುವ ಮುನ್ನ ಈ ಜಿಲ್ಲೆಯ ನೆಲದ ಮೇಲೆ ಸ್ವಲ್ಪ ನಿಲ್ಲಬೇಕು. ಲಂಡನ್ನಿನಿಂದ ಮರಳಿ ಬಂದ ಮೇಲೆ ನಮ್ಮ ದೇಶದ ಕಾಯ್ದೆಯ ಒಳಗೆ, ಕೊನೆಗೆ ಚುನಾವಣೆಯ ಪ್ರಮಾಣಪತ್ರದ ಒಳಗೆ ಇಣುಕಬೇಕು.

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ನೋಡದವರು ಇಲ್ಲಿ ವಿರಳ. ಆ ಕಾಲದ ಎರಡು ಕನ್ನಡ ಶಾಸನಗಳು ಈಗ ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಾಲ 1204. ರಟ್ಟರ ನಾಲ್ವಡಿ ಕಾರ್ತವೀರ್ಯನ ಆಳ್ವಿಕೆ. ಮಂತ್ರಿ ಬೀಚಿರಾಜ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಬಿಟ್ಟ ಭೂಮಿಯ ವಿವರವೂ, ವೇಣುಗ್ರಾಮದ ಪೇಟೆಯ ವರ್ತಕರು ತಂತಮ್ಮ ಸರಕಿನ ಮೇಲೆ ಇಂತಿಷ್ಟು ಕೊಡುತ್ತೇವೆಂದು ಒಪ್ಪಿದ ವಿವರವೂ ಅವುಗಳಲ್ಲಿವೆ. ಇನ್ನೂ ಹಿಂದಕ್ಕೆ ಹೋದರೆ ಖಾನಾಪುರ ತಾಲೂಕಿನ ಹಲಸಿ. ಅದು ಕದಂಬರ ಪಲಾಶಿಕಾ. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಒಂದು ಕಾಕುಸ್ಥವರ್ಮನದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಹೊಲ ಕೊಟ್ಟದ್ದನ್ನು ಅದು ಹೇಳುತ್ತದೆ.

ಗಮನಿಸಬೇಕಾದ್ದು ದಾನದ ದೊಡ್ಡತನವನ್ನಲ್ಲ, ಅದರ ಬರವಣಿಗೆಯನ್ನು. ಯಾರಿಗೆ ಕೊಟ್ಟದ್ದು, ಯಾವ ಕೆಲಸಕ್ಕೆ ಕೊಟ್ಟದ್ದು, ಹೊಲದ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಲ್ಲಿನಲ್ಲಿ ಕೊರೆದು ಊರಿನ ನಡುವೆ ನಿಲ್ಲಿಸುತ್ತಿದ್ದರು. ಆ ವ್ಯವಸ್ಥೆ ನ್ಯಾಯದ್ದಾಗಿತ್ತೆಂದು ಯಾರೂ ಹೇಳಬೇಕಿಲ್ಲ. ಮಾನ್ಯದವರು ಬಿಟ್ಟ ಭಾರ ಪಕ್ಕದ ಹೊಲದವನ ಹೆಗಲಿಗೇ ಬೀಳುತ್ತಿತ್ತು. ಆದರೆ ಯಾರ ಪಾಲಿನ ಭಾರವನ್ನು ತಾನು ಹೊರುತ್ತಿದ್ದೇನೆಂದು ಪಕ್ಕದ ಹೊಲದವನಿಗೆ ಗೊತ್ತಿತ್ತು.

ಕಂಪನಿ ಸರ್ಕಾರ ಬಂದ ಮೇಲೆ ಮಾನ್ಯಗಳ ಲೆಕ್ಕ ತೆಗೆಯುವ ಕೆಲಸ ಶುರುವಾಯಿತು. ಸಂಗೊಳ್ಳಿ ರಾಯಣ್ಣ ಶೇತಸನದಿಯವನು, ಅಂದರೆ ಊರ ಕಾವಲಿನ ಚಾಕರಿಗೆ ಹೊಲ ಪಡೆದ ಮನೆತನದವನು. ಹೊಲದ ಬಹುಪಾಲು ಕಿತ್ತುಕೊಂಡು ಉಳಿದದ್ದಕ್ಕೆ ಕರ ಏರಿಸಿದರೆಂಬುದು ಅವನ ಬಂಡಾಯದ ಕಾರಣಗಳಲ್ಲಿ ಒಂದು. ಅವನ ಜನ ಬೆಂಕಿಯಿಟ್ಟದ್ದು ಬೀಡಿಯ ಕಚೇರಿಗೆ. ಕಂದಾಯದ ಕಾಗದಗಳು ಇದ್ದದ್ದು ಅಲ್ಲೇ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ ನಂದಗಡ ಇದೇ ಖಾನಾಪುರ ತಾಲೂಕಿನಲ್ಲಿದೆ. ಮುಂದೆ 1852ರ ಕಾಯ್ದೆಯಿಂದ ಇನಾಮ್ ಕಮಿಷನ್ನಿಗೆ ಬಲ ಬಂತು. ‘ನಿಮ್ಮ ಸನದು ತೋರಿಸಿ’ ಎಂಬುದು ಅದರ ಒಂದೇ ಮಾತು. ಸನದು ಇಲ್ಲದವರ, ಇದ್ದರೂ ಹುಳ ತಿಂದವರ ಇನಾಮು ಹೋಯಿತು. ಆ ಕಮಿಷನ್ನಿನಲ್ಲಿ ದುಡಿದಿದ್ದ ಮ್ಯಾನ್ಸನ್ ಎಂಬ ಅಧಿಕಾರಿ 1858ರಲ್ಲಿ ರಾಮದುರ್ಗದ ಬಳಿಯ ಸುರೇಬಾನದಲ್ಲಿ ನರಗುಂದದ ಸಂಸ್ಥಾನಿಕ ಬಾಬಾಸಾಹೇಬರ ಕಡೆಯವರ ಕೈಯಲ್ಲಿ ಸತ್ತ. ಬಾಬಾಸಾಹೇಬರ ದೊಡ್ಡ ಸಿಟ್ಟು ದತ್ತಕಕ್ಕೆ ಒಪ್ಪಿಗೆ ಕೊಡದ್ದಕ್ಕೆ ಎಂಬುದು ನಿಜ. ಇನಾಮಿನ ನೋವೂ ಆ ಕಾಲದ ಸೀಮೆಯ ತುಂಬ ಇತ್ತು. ಅದೇ ವರ್ಷ ಜೂನ್ 12ರಂದು ಅವರನ್ನು ಗಲ್ಲಿಗೇರಿಸಿದ್ದು ಬೆಳಗಾವಿಯಲ್ಲೇ.

ಹೀಗೆ ಇಲ್ಲಿನವರಿಗೆ ‘ನಿಮ್ಮ ಸನದು ತೋರಿಸಿ’ ಎಂದು ಕೇಳಿದ ಬ್ರಿಟಿಷರು, ಒಂದೂವರೆ ಶತಮಾನ ದಾಟಿದ ಮೇಲೆ ಹುಬ್ಬಳ್ಳಿಯಲ್ಲಿ ಹುಟ್ಟಿದ ಒಬ್ಬ ಮಗಳಿಗೆ ಅದೇ ಪ್ರಶ್ನೆ ಕೇಳಿದರು. ಈಗ ಆ ಕಥೆಗೆ ಬರೋಣ.

2022ರ ಏಪ್ರಿಲ್ 6, ಬುಧವಾರ. ಬ್ರಿಟನ್ನಿನಲ್ಲಿ ಹೊಸ ತೆರಿಗೆ ವರ್ಷ ಶುರುವಾಗುವುದು ಆ ದಿನವೇ. ದುಡಿಯುವವರ ಸಂಬಳದಿಂದ ಮುರಿಯುವ ನ್ಯಾಷನಲ್ ಇನ್ಶೂರೆನ್ಸ್ ಅಂದಿನಿಂದ 1.25 ಶೇಕಡಾಂಶ ಏರಿತು. ಅದಕ್ಕೆ ಐದು ದಿನ ಹಿಂದೆ ಮನೆಗಳ ವಿದ್ಯುತ್ತು ಮತ್ತು ಗ್ಯಾಸಿನ ಬೆಲೆಯ ಮಿತಿ ಶೇಕಡ 54ರಷ್ಟು ಹೆಚ್ಚಿತ್ತು. ತೆರಿಗೆ ಏರಿಸಿದ ಹಣಕಾಸು ಮಂತ್ರಿ ರಿಷಿ ಸುನಕ್. ಅದೇ ಸಂಜೆ ‘ದಿ ಇಂಡಿಪೆಂಡೆಂಟ್’ ಪತ್ರಿಕೆ ಒಂದು ಸುದ್ದಿ ಹಾಕಿತು: ಮಂತ್ರಿಗಳ ಹೆಂಡತಿ ಅಕ್ಷತಾ ಮೂರ್ತಿ ಬ್ರಿಟನ್ನಿನ ತೆರಿಗೆಯ ದೃಷ್ಟಿಯಲ್ಲಿ ‘ನಾನ್-ಡಾಮ್’, ಅಂದರೆ ಅಲ್ಲಿ ವಾಸವಿದ್ದರೂ ಅಲ್ಲಿ ಬೇರಿಲ್ಲದವರು. ಬ್ರಿಟನ್ನಿನ ಹೊರಗೆ ಹುಟ್ಟಿ ಹೊರಗೇ ಉಳಿದ ಆದಾಯಕ್ಕೆ ಅವರು ಅಲ್ಲಿ ತೆರಿಗೆ ಕೊಡಬೇಕಿಲ್ಲ.

ಅಕ್ಷತಾ ಯಾರೆಂದು ಈ ಸಭೆಗೆ ಪರಿಚಯಿಸಬೇಕಿಲ್ಲ. ಎನ್.ಆರ್. ನಾರಾಯಣಮೂರ್ತಿ ಮತ್ತು ಸುಧಾಮೂರ್ತಿಯವರ ಮಗಳು, 1980ರಲ್ಲಿ ಹುಬ್ಬಳ್ಳಿಯಲ್ಲಿ ಜನನ, 2009ರಲ್ಲಿ ಬೆಂಗಳೂರಿನಲ್ಲಿ ಮದುವೆ. ಇನ್ಫೋಸಿಸ್‌ನಲ್ಲಿ ಅವರ ಪಾಲು ಶೇಕಡ 0.93ರಷ್ಟು. ಕೇಳಲು ಸಣ್ಣದು. ಷೇರುಗಳ ಸಂಖ್ಯೆ ಸುಮಾರು 3.89 ಕೋಟಿ, ಆಗಿನ ಬೆಲೆ 69 ಕೋಟಿ ಪೌಂಡಿನ ಹತ್ತಿರ. 2021-22ರ ಸಾಲಿಗೆ ಕಂಪನಿ ಷೇರಿಗೆ 31 ರೂಪಾಯಿ ಡಿವಿಡೆಂಡ್ ಘೋಷಿಸಿತ್ತು. ಗುಣಾಕಾರ ಮಾಡಿದರೆ 120 ಕೋಟಿ ರೂಪಾಯಿ. ಈ ಡಿವಿಡೆಂಡ್ ಹುಟ್ಟುವುದು ಬೆಂಗಳೂರಿನಲ್ಲಿ. ಭಾರತದಲ್ಲಿ ಅದಕ್ಕೆ ತೆರಿಗೆ ಇದೆ. ಎರಡೂ ದೇಶಗಳ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಶೇಕಡ 10. ಬ್ರಿಟನ್ನಿನ ನಿವಾಸಿಯಾಗಿ ಪೂರ್ತಿ ಲೆಕ್ಕ ಕೊಟ್ಟಿದ್ದರೆ ಮೇಲಿನ ದರ ಸುಮಾರು ಶೇಕಡ 38. ಇಲ್ಲಿ ಕೊಟ್ಟದ್ದು ಅದರಲ್ಲಿ ಕಳೆದುಹೋಗುತ್ತಿತ್ತು. ಉಳಿದ ವ್ಯತ್ಯಾಸವೇ ನಾನ್-ಡಾಮ್ ಸ್ಥಾನದ ಲಾಭ. ವರ್ಷಕ್ಕೆ 21 ಲಕ್ಷ ಪೌಂಡ್ ಉಳಿದಿರಬಹುದೆಂದು ಆಗಿನ ಸುದ್ದಿಗಳು ಅಂದಾಜು ಮಾಡಿದವು. ಆ ಸ್ಥಾನಕ್ಕೆ ಅವರು ಕಟ್ಟುತ್ತಿದ್ದ ವಾರ್ಷಿಕ ಶುಲ್ಕ 30 ಸಾವಿರ ಪೌಂಡ್.

ಕಾನೂನು ಮುರಿದಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಅವರ ವಿರೋಧಿಗಳೂ ಕಾನೂನು ಮುರಿದರೆಂದು ಹೇಳಲಿಲ್ಲ.

ಆದರೆ ಮೊದಲು ಬಂದ ಸಮಜಾಯಿಷಿ ಸರಿಯಿರಲಿಲ್ಲ. ಅಕ್ಷತಾ ಭಾರತದ ಪ್ರಜೆ, ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಬ್ರಿಟನ್ನಿನ ಕಾಯ್ದೆಯಲ್ಲಿ ಅವರು ನಾನ್-ಡಾಮ್ ಎಂದು ಅವರ ವಕ್ತಾರರು ಹೇಳಿದರು. ತೆರಿಗೆ ಬಲ್ಲವರು ಕೂಡಲೇ ತಕರಾರು ತೆಗೆದರು. ಡೊಮಿಸೈಲ್ ಎಂಬುದಕ್ಕೂ ಪಾಸ್‌ಪೋರ್ಟಿಗೂ ನೇರ ನಂಟಿಲ್ಲ. ಕನ್ನಡದಲ್ಲಿ ಅದಕ್ಕೆ ಸಮೀಪದ ಮಾತು ಬೇಕಿದ್ದರೆ ‘ತವರು’ ಎನ್ನಬೇಕು. ಹುಟ್ಟುವಾಗ ತಂದೆಯ ನೆಲೆಯಿಂದ ಬರುವುದು. ಎಲ್ಲಿ ಸಂಸಾರ ಮಾಡಿದರೂ, ಕೊನೆಗೆ ಅಲ್ಲಿಗೇ ಮರಳುವ ಮನಸ್ಸಿದ್ದರೆ ಉಳಿದುಕೊಳ್ಳುವುದು. ಇಷ್ಟಾದರೂ, ತವರು ಹೊರಗಿದ್ದ ಮಾತ್ರಕ್ಕೆ ವಿನಾಯಿತಿ ತಾನಾಗಿ ಬಂದು ಮಡಿಲಿಗೆ ಬೀಳುತ್ತಿರಲಿಲ್ಲ. ವರ್ಷವರ್ಷ ಅರ್ಜಿಯಲ್ಲಿ ‘ನನಗೆ ಅದು ಬೇಕು’ ಎಂದು ಗುರುತು ಹಾಕಬೇಕಿತ್ತು, ಶುಲ್ಕ ಕಟ್ಟಬೇಕಿತ್ತು. ಅದು ವಿಧಿಯಲ್ಲ, ಆಯ್ಕೆ.

ಇಲ್ಲೊಂದು ವಿನೋದವಿದೆ. 1974ರ ಆರಂಭದವರೆಗೂ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಡೊಮಿಸೈಲ್ ಇರಲಿಲ್ಲ, ಗಂಡನದೇ ಅವಳದು. 1990ರವರೆಗೂ ಹೆಂಡತಿಯ ಆದಾಯವನ್ನು ತೆರಿಗೆಗಾಗಿ ಗಂಡನ ಲೆಕ್ಕದಲ್ಲೇ ಬರೆಯುತ್ತಿದ್ದರು. ಹೆಣ್ಣುಮಕ್ಕಳು ಹೋರಾಡಿ ಇವೆರಡನ್ನೂ ತೆಗೆಸಿದರು. 2022ರಲ್ಲಿ ಸುನಕ್ ಹಿಡಿದ ಗುರಾಣಿ ಆ ಹೋರಾಟದಿಂದ ಬಂದದ್ದೇ: ಹೆಂಡತಿಗೆ ಅವಳದೇ ವೃತ್ತಿ, ಅವಳದೇ ಹಣ; ನನಗೆ ಬಡಿಯಲು ಅವಳನ್ನು ಎಳೆಯಬೇಡಿ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ತವರಿನ ಆಸ್ತಿಯ ಲೆಕ್ಕವನ್ನು ಗಂಡನ ಕುರ್ಚಿಯ ಕಾರಣಕ್ಕೆ ಹೆಣ್ಣು ಬೀದಿಯಲ್ಲಿ ಒಪ್ಪಿಸಬೇಕೇ? ಖಾನಾಪುರ ತಾಲೂಕಿನ ಗ್ರಾಮ ಪಂಚಾಯ್ತಿಯ ಸದಸ್ಯೆಯೊಬ್ಬಳನ್ನು ಕೇಳಿದರೂ ಉತ್ತರ ಸುಲಭವಾಗಿ ಬರದು. ಆದರೆ ನಾನ್-ಡಾಮ್ ನಿಯಮ ಇರಬೇಕೋ ಹೋಗಬೇಕೋ, ಅದರ ಶುಲ್ಕ ಎಷ್ಟಿರಬೇಕೋ ನಿರ್ಧರಿಸುವ ಕುರ್ಚಿ ಯಾರದು? ಹಣಕಾಸು ಮಂತ್ರಿಯದು. ಆ ನಿಯಮದ ಲಾಭ ಬರುತ್ತಿದ್ದ ಮನೆಯೂ ಅದೇ. ಹೆಂಡತಿಯ ಹಣ ಹೆಂಡತಿಯದೇ ಇರಬಹುದು, ನಿಯಮ ಮಾತ್ರ ಗಂಡನ ಮೇಜಿನ ಮೇಲಿತ್ತು.

ಏಪ್ರಿಲ್ 8ರಂದು ಅಕ್ಷತಾ ಪ್ರಕಟಣೆ ಕೊಟ್ಟರು. ಈ ಏರ್ಪಾಡು ಕಾನೂನುಬದ್ಧವೇ ಆದರೂ ಗಂಡನ ಹುದ್ದೆಗೆ ಹೊಂದುವುದಿಲ್ಲವೆಂದು ಬಹಳ ಜನರಿಗೆ ಅನಿಸಿದೆ, ಆದ್ದರಿಂದ ಜಗತ್ತಿನ ಎಲ್ಲ ಆದಾಯಕ್ಕೂ ಬ್ರಿಟನ್ನಿನಲ್ಲಿ ತೆರಿಗೆ ಕೊಡುತ್ತೇನೆ, ಆಗಷ್ಟೇ ಮುಗಿದ ವರ್ಷದ್ದೂ ಸೇರಿ, ಎಂಬುದು ಅದರ ಸಾರ. ಅದಕ್ಕೂ ಹಿಂದಿನ ವರ್ಷಗಳ ಮಾತು ಅದರಲ್ಲಿ ಇರಲಿಲ್ಲ. ಸುನಕ್ ತಮ್ಮ ಮೇಲೆ ತಾವೇ ವಿಚಾರಣೆ ಕೇಳಿಕೊಂಡರು. ಸಚಿವರ ನಡಾವಳಿಯ ಸಲಹೆಗಾರ ಲಾರ್ಡ್ ಗೈಟ್ ಏಪ್ರಿಲ್ 27ರಂದು, ನಿಯಮ ಮುರಿದಿಲ್ಲವೆಂದು ಹೇಳಿದರು. ಆರು ತಿಂಗಳಲ್ಲಿ, ಅಕ್ಟೋಬರ್ 25ರಂದು, ಸುನಕ್ ಪ್ರಧಾನಿಯಾದರು. ‘ಕರ್ನಾಟಕದ ಅಳಿಯ’ ಎಂದು ನಮ್ಮ ಪತ್ರಿಕೆಗಳು ಸಂಭ್ರಮಿಸಿದವು. ಸಂಭ್ರಮ ತಪ್ಪಲ್ಲ. ಅಳಿಯನ ಮನೆಯ ತೆರಿಗೆಯ ಪ್ರಶ್ನೆಗೆ ಆ ಪುಟಗಳಲ್ಲಿ ಜಾಗ ಸಾಲಲಿಲ್ಲ, ಅಷ್ಟೆ.

ಈ ನಾನ್-ಡಾಮ್ ಎಂಬ ಮಾನ್ಯ ಎಲ್ಲಿಂದ ಬಂತು? ಇದು ತಿಳಿದರೆ ಕಥೆ ಮತ್ತೆ ನಮ್ಮ ಅಂಗಳಕ್ಕೇ ಬರುತ್ತದೆ. 1799ರಲ್ಲಿ, ಫ್ರಾನ್ಸಿನ ಜೊತೆಗಿನ ಯುದ್ಧದ ಖರ್ಚಿಗೆ, ಪ್ರಧಾನಿ ಪಿಟ್ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಆದಾಯ ತೆರಿಗೆ ತಂದ. ಸಾಗರದಾಚೆ ದುಡಿದದ್ದನ್ನು ಬ್ರಿಟನ್ನಿಗೆ ತಂದರೆ ಮಾತ್ರ ತೆರಿಗೆ ಎಂಬ ಎಳೆಯನ್ನು ಅದರೊಳಗೆ ನೇಯ್ದರು. ಆಚೆ ದುಡಿಯುತ್ತಿದ್ದವರು ಯಾರು? ವೆಸ್ಟ್ ಇಂಡೀಸಿನ ತೋಟಗಳ ಒಡೆಯರು, ಈಸ್ಟ್ ಇಂಡಿಯಾ ಕಂಪನಿಯಿಂದ ಗಂಟು ಕಟ್ಟಿದವರು. ಶ್ರೀರಂಗಪಟ್ಟಣ ಬಿದ್ದದ್ದೂ, ಅಲ್ಲಿನ ಲೂಟಿಯನ್ನು ಸೈನ್ಯದವರು ಹಂಚಿಕೊಂಡದ್ದೂ ಅದೇ 1799ರ ಮೇ ತಿಂಗಳಲ್ಲಿ. 1914ರಲ್ಲಿ ಈ ರಿಯಾಯಿತಿಯನ್ನು ಮುಖ್ಯವಾಗಿ ಹೊರಗಿನ ಡೊಮಿಸೈಲ್ ಇದ್ದವರಿಗೆ ಸೀಮಿತಗೊಳಿಸಿದರು. ಅಂದರೆ ಭಾರತದಲ್ಲಿ ದುಡಿದ ಇಂಗ್ಲಿಷರನ್ನು ಕಾಯಲು ಹುಟ್ಟಿದ ನಿಯಮ, ಇಂಗ್ಲೆಂಡಿನಲ್ಲಿ ನೆಲೆಸಿದ ಭಾರತೀಯ ಸಿರಿವಂತರ ಕೈಗೆ ಬಂದಿತ್ತು. ಇತಿಹಾಸ ಹೀಗೆ ಸೇಡು ತೀರಿಸಿಕೊಂಡಿತೆಂದು ನಗಬಹುದು. ಆದರೆ ಬೊಕ್ಕಸದ ಕೊರತೆ ತುಂಬಿದ್ದು ಲಂಡನ್ನಿನ ಬಸ್ ಡ್ರೈವರನ ಸಂಬಳ. ಆ ಡ್ರೈವರನ ಅಜ್ಜ ಜಲಂಧರದವನೂ ಇರಬಹುದು.

ಮುಂದಿನದನ್ನು ಬೇಗ ಹೇಳಬಹುದು. ನಾನ್-ಡಾಮ್ ಸ್ಥಾನ ತೆಗೆದರೆ ವರ್ಷಕ್ಕೆ 320 ಕೋಟಿ ಪೌಂಡ್ ಬರಬಹುದೆಂದು ವಾರ್ವಿಕ್ ವಿಶ್ವವಿದ್ಯಾಲಯ ಮತ್ತು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿದರು. ಅದನ್ನು ತೆಗೆಯುತ್ತೇವೆಂದು 2024ರ ಮಾರ್ಚ್ ಬಜೆಟ್ಟಿನಲ್ಲಿ ಘೋಷಿಸಿದ್ದು ಸುನಕ್ ಅವರದೇ ಸರ್ಕಾರ. ಆಮೇಲೆ ಬಂದ ಲೇಬರ್ ಸರ್ಕಾರ ಅದನ್ನು ಬಿಗಿಮಾಡಿತು. 2025ರ ಏಪ್ರಿಲ್ 6ರಿಂದ ತವರಿನ ಲೆಕ್ಕ ಹೋಗಿ ವಾಸದ ಲೆಕ್ಕ ಬಂದಿದೆ: ಹೊಸದಾಗಿ ಬಂದು ನೆಲೆಸುವವರಿಗೆ ಮೊದಲ ನಾಲ್ಕು ವರ್ಷ ಹೊರಗಿನ ಆದಾಯಕ್ಕೆ ರಿಯಾಯಿತಿ, ಆಮೇಲೆ ಎಲ್ಲರಂತೆ. ಒಂದು ಮೂಲೆ ಮಾತ್ರ ಉಳಿದಿದೆ. ಸತ್ತವರ ಆಸ್ತಿಯ ತೆರಿಗೆ ಬಗ್ಗೆ ಭಾರತ ಮತ್ತು ಬ್ರಿಟನ್ 1956ರಲ್ಲಿ ಮಾಡಿಕೊಂಡ ಒಪ್ಪಂದವದು. ಭಾರತ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲೇ ಕೈಬಿಟ್ಟಿತು. ಒಪ್ಪಂದ ಹಾಗೇ ಉಳಿಯಿತು. ಭಾರತದಲ್ಲಿ ಡೊಮಿಸೈಲ್ ಇದ್ದವರ ಹೊರಗಿನ ಆಸ್ತಿಗೆ ಅತ್ತ ಬ್ರಿಟನ್ನಿನ ತೆರಿಗೆಯಿಂದ ರಕ್ಷಣೆ, ಇತ್ತ ಭಾರತದಲ್ಲಿ ತೆರಿಗೆಯೇ ಇಲ್ಲ.

ಲಂಡನ್ನಿನಿಂದ ಈಗ ಮರಳಿ ಬರೋಣ. ದಿನಾಂಕ ಮಾತ್ರ ಅಲ್ಲಿನದೇ ಇರಲಿ. ಅದೇ 2022ರ ಏಪ್ರಿಲ್ 1ರಂದು ಇಟ್ಟಿಗೆಗೆ ಹೊಸ ಜಿಎಸ್‌ಟಿ ಜಾರಿಗೆ ಬಂತು. ಮೊದಲು ಶೇಕಡ 5 ಇದ್ದದ್ದು, ಇನ್‌ಪುಟ್ ಕ್ರೆಡಿಟ್ ಬೇಕಿದ್ದರೆ 12, ಬೇಡವಾದರೆ 6. ನೋಂದಣಿ ಬೇಡದ ಮಿತಿ 40 ಲಕ್ಷದಿಂದ 20 ಲಕ್ಷ ರೂಪಾಯಿ ವಹಿವಾಟಿಗೆ ಇಳಿಯಿತು. ಖಾನಾಪುರದ ಮಣ್ಣು ಇಟ್ಟಿಗೆಗೂ ಹೆಂಚಿಗೂ ಮಡಕೆಗೂ ಹೆಸರಾದದ್ದು. ಕೇಂದ್ರ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅಲ್ಲಿ ಇರುವುದು ಸುಮ್ಮನೆ ಅಲ್ಲ. ಮಲಪ್ರಭೆಯ ಆಚೀಚೆ ಭಟ್ಟಿ ಹಾಕುವವನಿಗೆ ಡೊಮಿಸೈಲ್‌ನ ಆಯ್ಕೆ ಇರಲಿಲ್ಲ. ಮಳೆ ಬೇಗ ಬಂದರೆ ಹಸಿ ಇಟ್ಟಿಗೆ ಕರಗುತ್ತದೆ, ಕಟ್ಟಿಗೆ ತುಟ್ಟಿಯಾಗಿದೆ, ಗೌಂಡಿ ‘ಬಿಲ್ ಬ್ಯಾಡ್ರಿ, ಕಡಿಮಿ ಮಾಡ್ರಿ’ ಎನ್ನುತ್ತಾನೆ. ಆ ಮಾತಿಗೆ ಒಪ್ಪಿದರೆ ಅವನು ಕಾನೂನಿನ ಕಣ್ಣಿಗೆ ಕಳ್ಳ. ಬೆಳಗಾವಿಯ ಕುಂದಾ ಕೊಂಡರೂ ಬಿಲ್ಲಿನ ಬುಡದಲ್ಲಿ ಎರಡೂವರೆ ಸಿಜಿಎಸ್‌ಟಿ, ಎರಡೂವರೆ ಎಸ್‌ಜಿಎಸ್‌ಟಿ ಅಚ್ಚಾಗಿರುತ್ತದೆ. ಹಮಾಲಿ ಕೊಂಡರೂ ಅಷ್ಟೇ, ಕಾರ್ಖಾನೆಯ ಚೇರ್ಮನ್ನರು ಕೊಂಡರೂ ಅಷ್ಟೇ.

ನಮ್ಮ ಆದಾಯ ತೆರಿಗೆಯಲ್ಲಿ ನಾನ್-ಡಾಮ್ ಇಲ್ಲವೇ? ಆ ಹೆಸರಿನದು ಇಲ್ಲ; ಅದರ ತಮ್ಮನೊಬ್ಬ ಇದ್ದಾನೆ. ಕಾಯ್ದೆಯಲ್ಲಿ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ವಿಚಿತ್ರ ವರ್ಗವಿದೆ. ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ ಏಳು ವರ್ಷದಲ್ಲಿ ಇಲ್ಲಿ ಒಟ್ಟು 729 ದಿನಕ್ಕೆ ಮೀರದಷ್ಟು ಇದ್ದವರು ಇದರಲ್ಲಿ ಸೇರುತ್ತಾರೆ. ಅವರು ಹೊರದೇಶದಲ್ಲಿ ಗಳಿಸಿ ಅಲ್ಲೇ ಪಡೆದ ಆದಾಯಕ್ಕೆ, ಆ ವ್ಯವಹಾರವನ್ನು ಇಲ್ಲಿಂದ ನಡೆಸದಿದ್ದರೆ, ಇಲ್ಲಿ ತೆರಿಗೆ ಇಲ್ಲ. ಅಮೆರಿಕದಿಂದ ಬೆಳಗಾವಿಯ ಟಿಳಕವಾಡಿಗೆ ಮರಳಿದ ಎಂಜಿನಿಯರಿಗೆ ಎರಡು ಮೂರು ವರ್ಷ ಉಸಿರಾಡಲು ಇದು ಬೇಕು, ಸರಿ. 2020ರಲ್ಲಿ ಮತ್ತೊಂದು ಎಳೆ ಸೇರಿತು: ಭಾರತದೊಳಗಿನ ಆದಾಯ 15 ಲಕ್ಷ ದಾಟಿದ್ದು, ಜಗತ್ತಿನ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಇಲ್ಲಿನ ನಿವಾಸಿ ಎಂದೇ ಎಣಿಸಬೇಕು. ಒಂದು ದೇಶದಿಂದ ಇನ್ನೊಂದಕ್ಕೆ ದಿನ ಎಣಿಸಿಕೊಂಡು ಹಾರುವವರಿಗೆ ಹಾಕಿದ ಗಾಳ ಇದು. ಗಲ್ಫಿಗೆ ದುಡಿಯಲು ಹೋದವರು ಹೆದರಿದರು. ಅವರ ದುಡಿಮೆಗೆ ಇದು ತಾಗುವುದಿಲ್ಲವೆಂದು ಸರ್ಕಾರ ಕೂಡಲೇ ಸ್ಪಷ್ಟನೆ ಕೊಡಬೇಕಾಯಿತು.

ಇನ್ನು ಪೂರ್ತಿ ನಿವಾಸಿಗಳು ಹೊರಗೆ ಇಟ್ಟದ್ದರ ಮಾತು. 2015ರ ಕಪ್ಪುಹಣ ಕಾಯ್ದೆ ಕಠಿಣವಾದದ್ದೇ. ಬಚ್ಚಿಟ್ಟ ವಿದೇಶಿ ಆಸ್ತಿಗೆ ಶೇಕಡ 30 ತೆರಿಗೆ, ಅದರ ಮೂರು ಪಟ್ಟು ದಂಡ, ಮೇಲೆ ಜೈಲು. ಮೊದಲು ತೆರೆದ ಮೂರು ತಿಂಗಳ ಕಿಟಕಿಯಲ್ಲಿ ತಾವಾಗಿ ಒಪ್ಪಿಕೊಂಡು ಬಂದವರು 600ಕ್ಕೂ ಹೆಚ್ಚು ಮಂದಿ. ಒಪ್ಪಿಕೊಂಡ ಮೊತ್ತ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೇಲೆ. ಈ ದೇಶದ ಗಾತ್ರಕ್ಕೆ ಅದು ಎಷ್ಟರದು ಎಂದು 2016ರ ಪನಾಮಾ ಕಾಗದಗಳು, 2021ರ ಪ್ಯಾಂಡೋರಾ ಕಾಗದಗಳು ಹೊರಬಿದ್ದಾಗ ಎಲ್ಲರಿಗೂ ಕಂಡಿತು. ಅದೇ ಕಾಯ್ದೆಯ ಇನ್ನೊಂದು ಕಲಮು ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿ ತುಂಬದವರಿಗೆ ಹತ್ತು ಲಕ್ಷ ದಂಡ ಇಟ್ಟಿತು. ವಿದೇಶಿ ಕಂಪನಿಗೆ ಬೆಂಗಳೂರಿನಲ್ಲಿ ಕೂತು ದುಡಿದು ಸಂಬಳದ ಜೊತೆ ನಾಲ್ಕು ಷೇರು ಪಡೆದ ಹುಡುಗರು, ಪಟ್ಟಿ ಇದೆಯೆಂದೇ ಗೊತ್ತಿಲ್ಲದೆ ಇದಕ್ಕೆ ಸಿಕ್ಕಿಬಿದ್ದರು. 20 ಲಕ್ಷದೊಳಗಿನ ಚರ ಆಸ್ತಿಗೆ ದಂಡ ಬೇಡವೆಂಬ ವಿವೇಕ ಬರಲು 2024ರ ಅಕ್ಟೋಬರ್ ಆಗಬೇಕಾಯಿತು. ದೊಡ್ಡ ಮನೆಗೆ ಇಷ್ಟು ಕಷ್ಟವಿಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ತಲೆಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗೆ ಕಳಿಸಬಹುದು. ಅಪ್ರಾಪ್ತ ಮಕ್ಕಳಿಗೂ ಈ ಮಿತಿ ಪೂರ್ತಿ ಇದೆ. ನಾಲ್ಕು ತಲೆಯ ಮನೆಗೆ ಹತ್ತು ಲಕ್ಷ ಡಾಲರ್, ಎಲ್ಲವೂ ಚೊಕ್ಕ ಬಿಳಿ.

ಮತ್ತೆ, ಹೊರದೇಶದ ಮಾನ್ಯವನ್ನೇ ಹಿಡಿದು ಕೂತರೆ ಮನೆಯ ಹಿತ್ತಲಿನದು ಮರೆತುಹೋಗುತ್ತದೆ. ಕೃಷಿ ಆದಾಯ ಎಷ್ಟೇ ಇರಲಿ, ಕೇಂದ್ರದ ಆದಾಯ ತೆರಿಗೆ ಇಲ್ಲ. ಸಂವಿಧಾನ ಆ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಎರಡೆಕರೆಯ ಕಬ್ಬಿನವನಿಗೂ ಇನ್ನೂರು ಎಕರೆಯವನಿಗೂ ಒಂದೇ ವಿನಾಯಿತಿ. ಸಕ್ಕರೆ ಕಾರ್ಖಾನೆಗೂ ಶಾಸಕ ಸ್ಥಾನಕ್ಕೂ ನಂಟು ಹೆಣೆದುಕೊಂಡಿರುವ ಜಿಲ್ಲೆಯಲ್ಲಿ ಕೂತು ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪನಿಂದ ಮಗನಿಗೆ, ಅಜ್ಜನಿಂದ ಮೊಮ್ಮಗನಿಗೆ ಹೋಗುವ ಆಸ್ತಿಗೂ ಇಲ್ಲಿ ತೆರಿಗೆ ಇಲ್ಲ. 2024ರ ಲೋಕಸಭಾ ಚುನಾವಣೆಯ ನಡುವೆ ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ತೆರಿಗೆಯ ಹೆಸರೆತ್ತಿದಾಗ ದೊಡ್ಡ ಪಕ್ಷಗಳೆಲ್ಲ ಬೆಂಕಿ ತಾಗಿದವರಂತೆ ಹಿಂದೆ ಸರಿದವು, ಅವರ ಕಾಂಗ್ರೆಸ್ಸೂ ಸೇರಿ. ಇಷ್ಟು ಒಮ್ಮತ ಮಹದಾಯಿ ನೀರಿನ ವಿಷಯದಲ್ಲೂ ಕಂಡದ್ದಿಲ್ಲ.

ಕೊನೆಯ ಭಾಗಕ್ಕೆ ಬಂದಂತಾಯಿತು: ಮಾನ್ಯ ಇದೆಯೋ ಇಲ್ಲವೋ ಎಂಬುದಕ್ಕಿಂತ ಅದು ಊರಿಗೆ ಕಾಣುತ್ತದೆಯೇ ಎಂಬ ಪ್ರಶ್ನೆ. ಇದರಲ್ಲಿ ನಾವು ಲಂಡನ್ನಿಗಿಂತ ಕೆಲವು ಹೆಜ್ಜೆ ಮುಂದಿದ್ದೇವೆ, ಹೆಮ್ಮೆಪಡಬಹುದಾದ ವಿಷಯ. ಬ್ರಿಟನ್ನಿನ ಸಚಿವರು ಮನೆಯವರ ಹಿತಾಸಕ್ತಿಗಳನ್ನು ತಮ್ಮ ಇಲಾಖೆಯ ಕಾರ್ಯದರ್ಶಿಗೆ ತಿಳಿಸಿದರೆ ಸಾಕು. ಅದರಲ್ಲಿ ಯಾವುದನ್ನು ಪ್ರಕಟಿಸಬೇಕೆಂಬುದು ಆಮೇಲಿನ ಮಾತು. 2020ರಲ್ಲಿ ಪ್ರಕಟವಾದ ಸುನಕ್ ಅವರ ಪಟ್ಟಿಯಲ್ಲಿ ಹೆಂಡತಿಯ ಸಣ್ಣದೊಂದು ಹೂಡಿಕೆ ಸಂಸ್ಥೆಯ ಹೆಸರಿತ್ತು, ಇನ್ಫೋಸಿಸ್ ಇರಲಿಲ್ಲ. 2023ರ ಮಾರ್ಚಿನಲ್ಲಿ ಪ್ರಧಾನಿಯಾಗಿ ಅವರು ಮೂರು ವರ್ಷದ ತೆರಿಗೆಯ ಸಾರಾಂಶ ಪ್ರಕಟಿಸಿದರು. ಕಟ್ಟಿದ್ದು ಹತ್ತು ಲಕ್ಷ ಪೌಂಡಿಗೂ ಮೇಲೆ. ಅದು ಅವರೊಬ್ಬರದು.

ನಮ್ಮಲ್ಲಿ 2002ರ ಮೇ 2ರಂದು ಸುಪ್ರೀಂ ಕೋರ್ಟು ಅಭ್ಯರ್ಥಿಯ ಆಸ್ತಿ, ಸಂಗಾತಿಯ ಆಸ್ತಿ, ಅವಲಂಬಿತರ ಆಸ್ತಿ ಮತದಾರನಿಗೆ ತಿಳಿಯಬೇಕೆಂದು ಹೇಳಿತು. ಸಂಸತ್ತು ಅದನ್ನು ಮೊಂಡುಮಾಡಲು ನೋಡಿದಾಗ 2003ರಲ್ಲಿ ಮತ್ತೆ ಹೇಳಿತು. ‘ಲೋಕ ಪ್ರಹರಿ’ ಪ್ರಕರಣದ 2018ರ ತೀರ್ಪು ಆದಾಯದ ಮೂಲವನ್ನೂ ಕೇಳಿತು. 2019ರ ಫೆಬ್ರವರಿಯಲ್ಲಿ ಅಭ್ಯರ್ಥಿಗಳ ಪ್ರಮಾಣಪತ್ರವಾದ ನಮೂನೆ 26ಕ್ಕೆ ಹೊಸ ಕಾಲಮುಗಳು ಬಂದವು: ಐದು ವರ್ಷದ ರಿಟರ್ನ್‌ನಲ್ಲಿ ತೋರಿಸಿದ ಆದಾಯ, ಹೊರದೇಶದ ಬ್ಯಾಂಕಿನ ಠೇವಣಿ, ಹೊರದೇಶದ ಆಸ್ತಿ ಮತ್ತು ಸಾಲ. ಅಭ್ಯರ್ಥಿಗೆ, ಹೆಂಡತಿ ಅಥವಾ ಗಂಡನಿಗೆ, ಅವಿಭಕ್ತ ಕುಟುಂಬಕ್ಕೆ, ಅವಲಂಬಿತರಿಗೆ ಬೇರೆಬೇರೆ ಕಾಲಮು. ಇದಲ್ಲದೆ ಕರ್ನಾಟಕದ ಶಾಸಕರು, ಸಚಿವರು 1984ರ ಲೋಕಾಯುಕ್ತ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಮನೆಯವರ ಆಸ್ತಿಯ ವಿವರ ಸಲ್ಲಿಸಬೇಕು.

ತಪ್ಪಿಸಿಕೊಳ್ಳುವ ಬಾಗಿಲು ಇರುವುದು ‘ಅವಲಂಬಿತ’ ಎಂಬ ಪದದಲ್ಲಿ. ದುಡಿಯುವ ಮಗ ಅವಲಂಬಿತನಲ್ಲ. ದುಬೈಯಲ್ಲಿ ಕಂಪನಿ ಇರುವ ಮಗ, ಸಿಂಗಪುರದಲ್ಲಿ ನೆಲೆಸಿದ ಮಗಳು, ಇಲ್ಲಿನ ವ್ಯವಹಾರ ನೋಡಿಕೊಳ್ಳುವ ಅಳಿಯ, ಯಾರೂ ಆ ಕಾಗದದಲ್ಲಿ ಬರುವುದಿಲ್ಲ. ನಿಜಕ್ಕೂ ಸ್ವತಂತ್ರವಾಗಿ ಬಾಳುತ್ತಿರುವ ಮಕ್ಕಳನ್ನು ಎಳೆಯುವುದು ಅನ್ಯಾಯ. ಆದರೆ ಅಪ್ಪನಿಂದ ಮಗನಿಗೆ ಕೊಟ್ಟ ‘ಕೈಗಡ ಸಾಲ’ ಪ್ರಮಾಣಪತ್ರದ ಒಂದು ಸಾಲಾಗಿ ಕಂಡು, ಆ ದುಡ್ಡು ಮಗನ ಕೈಯಲ್ಲಿ ಏನಾಯಿತೆಂಬುದು ಕಾಣದಿದ್ದರೆ, ಓದಿದವನಿಗೆ ಅರ್ಧ ಕಥೆಯಷ್ಟೇ ದಕ್ಕಿತು. ಖಾನಾಪುರದಿಂದ ಚೋರ್ಲಾ ಘಾಟು ಇಳಿದರೆ ಗೋವಾ; ಅಲ್ಲಿನ ಪೋರ್ಚುಗೀಸ್ ಕಾಲದ ಸಂಹಿತೆಗೆ ಒಳಪಟ್ಟ ದಂಪತಿಗಳಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ಬೇರೆಯೇ ಕಲಮಿದೆ. ಸಂಬಳ ಬಿಟ್ಟು ಉಳಿದ ಆದಾಯವನ್ನು ಗಂಡ ಹೆಂಡತಿಯ ಲೆಕ್ಕಕ್ಕೆ ಅರ್ಧರ್ಧ ಬರೆಯುತ್ತಾರೆ. ಘಟ್ಟದ ಮೇಲೊಂದು, ಕೆಳಗೊಂದು: ಮನೆಯೆಂದರೆ ಯಾರುಯಾರು ಎಂಬುದಕ್ಕೆ ಕಾಯ್ದೆಗೇ ಒಂದು ಉತ್ತರವಿಲ್ಲ.

ಆಸ್ತಿ ಹೇಳುವುದಕ್ಕೂ ತೆರಿಗೆ ಹೇಳುವುದಕ್ಕೂ ಇರುವ ಅಂತರ ಇನ್ನೊಂದು. ನಮೂನೆ 26 ಆದಾಯ ಎಷ್ಟೆಂದು ಕೇಳುತ್ತದೆ, ಅದಕ್ಕೆ ಕಟ್ಟಿದ ತೆರಿಗೆ ಎಷ್ಟೆಂದು ಕೇಳುವುದಿಲ್ಲ. ನಿವಾಸಿಯೋ, ಅನಿವಾಸಿಯೋ, ಆ ನಡುವಿನ ವಿಚಿತ್ರ ವರ್ಗವೋ ಎಂದೂ ಕೇಳುವುದಿಲ್ಲ. ಈ ಎರಡು ಪ್ರಶ್ನೆಗೆ ಎರಡು ಸಾಲು ಸಾಕು. ಆ ಎರಡು ಸಾಲು ಲಂಡನ್ನಿನ ಪಟ್ಟಿಯಲ್ಲಿ ಇದ್ದಿದ್ದರೆ, 2022ರ ಏಪ್ರಿಲ್ 6ರಂದು ಹೊಸ ಸುದ್ದಿಯೇ ಇರುತ್ತಿರಲಿಲ್ಲ. 2020ರ ಫೆಬ್ರವರಿಯಲ್ಲಿ, ಸುನಕ್ ಹಣಕಾಸು ಮಂತ್ರಿಯಾದ ವಾರವೇ ಮಾತು ಮುಗಿದಿರುತ್ತಿತ್ತು.

ಚುನಾವಣೆ ಬಂದಾಗ ಖಾನಾಪುರದ ತಹಶೀಲ್ದಾರ ಕಚೇರಿಯ ಕಡೆಗೆ ಹೋದವರು ಆ ಪ್ರಮಾಣಪತ್ರಗಳನ್ನು ನೋಡಿರಬಹುದು. ನೋಟಿಸ್ ಫಲಕದ ಮೇಲೆ, ಒಂದರ ಮೇಲೊಂದು ಹಚ್ಚಿದ ಹಾಳೆಗಳು. ಪಹಣಿಗೆ ಬಂದವರು, ಜಾತಿ ಪ್ರಮಾಣಪತ್ರಕ್ಕೆ ಬಂದವರು ಸರದಿ ಬರುವವರೆಗೆ ಕುತ್ತಿಗೆ ಚಾಚಿ ಓದುತ್ತಾರೆ. ಮೊದಲು ಓದುವುದು ಹೆಂಡತಿಯ ಬಂಗಾರ. ‘ಎಷ್ಟ ತೊಲಿ ಐತಿ?’ ‘ಗ್ರಾಂ ಲೆಕ್ಕದಾಗ ಬರದಾರ, ನೀನ ಭಾಗಿಸ್ಕೋ.’ ಆಮೇಲೆ ಗಾಡಿಗಳು, ಟ್ರ್ಯಾಕ್ಟರು, ಬಂದೂಕಿದ್ದರೆ ಬಂದೂಕು. ಹೊರದೇಶದ ಆಸ್ತಿಯ ಕಾಲಮು ಒಳಗಿನ ಹಾಳೆಯಲ್ಲಿರುತ್ತದೆ. ಪಿನ್ನು ಹೊಡೆದಿರುವುದರಿಂದ ಅಂಚನ್ನು ಬೆರಳಿನಿಂದ ಎತ್ತಿ ನೋಡಬೇಕು. ಅಲ್ಲಿ ಬಹುಪಾಲು ಇರುವುದು ಒಂದೇ ಪದ, ‘ಇಲ್ಲ’. ಅಷ್ಟರಲ್ಲಿ ಒಳಗಿನಿಂದ ಗುಮಾಸ್ತರು ಹೆಸರು ಕೂಗುತ್ತಾರೆ, ಓದುತ್ತಿದ್ದವನು ಹಾಳೆ ಬಿಟ್ಟು ಕೌಂಟರಿಗೆ ಓಡುತ್ತಾನೆ.